ಎಡಗೈಗೊಂದು ಮೌಸು

"ಎಡಗೈಯವರೆಲ್ಲ ಏನು, ಕೈ ಕತ್ತರಿಸಿ ಬೆಳ್ಳಂದೂರು ಕೆರೆಗೆ ಬಿಸಾಕಬೇಕಾ?"

ಶಿವಾನಿ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಲ್ಯಾಪ್‌ಟಾಪು, ಅದರ ಪರದೆಯ ತುಂಬ ವೈರ್‌ಲೆಸ್ ಮೌಸುಗಳು. ಕರಿಯವು, ಬಿಳಿಯವು, ತೂಕ ಇಳಿಸಲೆಂದು ಮೈತುಂಬ ತೂತು ಕೊರೆಸಿಕೊಂಡವು, ಹೊಟ್ಟೆಯೊಳಗೆ ಮದುವೆ ಛತ್ರದ ಸೀರಿಯಲ್ ಲೈಟು ಹಚ್ಚಿಕೊಂಡವು. ಚೆಂದಕ್ಕೇನೂ ಕಮ್ಮಿಯಿಲ್ಲ. ಆದರೆ ಒಂದೊಂದರ ಸೊಂಟವೂ ಬಲಕ್ಕೇ ಬಾಗಿತ್ತು, ಹೆಬ್ಬೆರಳಿಗೆಂದು ಕೊಟ್ಟ ಹಳ್ಳ ಎಡಪಕ್ಕೆಯಲ್ಲೇ ಇತ್ತು. ಬ್ರಹ್ಮನು ಮನುಷ್ಯನಿಗೆ ಎರಡು ಕೈ ಕೊಟ್ಟನೆಂಬ ಸುದ್ದಿ ಈ ಕಂಪನಿಗಳವರಿಗೆ ಇನ್ನೂ ಮುಟ್ಟಿದಂತಿರಲಿಲ್ಲ.

"ಯಾರ ಕೈ ಕತ್ತರಸ್ತಾರ? ಯಾವಾಂವ ಅವಾ?" ಮೂಲೆಯಿಂದ ಕೇಳದೆಯೇ ಉತ್ತರ ಬಂತು.

ದಿವಾನದ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ ಅಜ್ಜಿ ಶಿವಲಿಂಗಮ್ಮನ ಪ್ರಶ್ನೆ ಅದು. ರಾಣೆಬೆನ್ನೂರಿನಿಂದ ಬ್ರೂಕ್‌ಫೀಲ್ಡಿನ ಈ ಫ್ಲ್ಯಾಟಿಗೆ ಬಂದು ಎಷ್ಟೋ ವರ್ಷವಾದರೂ ಅಜ್ಜಿಯ ದನಿ ಇನ್ನೂ ಹೊಲದ ಆಚೆ ಬದುವಿನವರೆಗೆ ಕೇಳಿಸುವ ಅಳತೆಯಲ್ಲೇ ಇತ್ತು. ಅಪ್ಪ ಅಮ್ಮ ಇಬ್ಬರೂ ಆಫೀಸು ಬಿಟ್ಟು ರಿಂಗ್ ರೋಡಿನಲ್ಲಿ ವಾಸವಾಗಿದ್ದರು; ಮನೆಗೆ ಬರುವುದು ರೋಡು ಮನಸ್ಸು ಮಾಡಿದಾಗ.

"ಯಾರೂ ಇಲ್ಲ ಅಜ್ಜಿ. ಮೌಸ್ ಹುಡುಕ್ತಿದೀನಿ. ಎಲ್ಲಾ ಬಲಗೈಗೇ ಮಾಡಿದಾರೆ."

"ಮಾಡಲಿ. ನೀ ಎಡಗೈ ಬಿಟ್ಟೀ ಅಂದ್ರ ನೋಡು."

ಈ ಮನೆಯಲ್ಲಿ ಎಡಗೈಗೆ ಒಂದು ಇತಿಹಾಸವಿತ್ತು. ಶಿವಾನಿ ರಾಣೆಬೆನ್ನೂರಿನ ಶಾಲೆಯಲ್ಲಿ ಅ ಆ ತಿದ್ದುತ್ತಿದ್ದಾಗ, ಎಡಗೈಯಲ್ಲಿ ಬಳಪ ಹಿಡಿದಳೆಂದು ಮೇಷ್ಟ್ರು ಅಡಿಪಟ್ಟಿಯಲ್ಲಿ ಬಾರಿಸಿದ್ದರು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ನಿತ್ಯ ಪೂಜೆ ಮಾಡುವ ಶಿವಲಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಶಾಲೆಗೆ ನಡೆದಿದ್ದಳು. "ಮಾಸ್ತರ, ನಮ್ಮ ದೇವರು ಕೂಡೂದು ಎಡಗೈಯಾಗ. ನೀವು ಹೊಡದದ್ದು ಕೈಗೆ ಅಲ್ಲ, ಗುಡಿಗೆ," ಅಂದಿದ್ದಳು. ಗುಡಿ ಒಡೆದ ಪಾಪ ತಲೆಗೆ ಬರುವುದೆಂದು ಹೆದರಿದ ಮೇಷ್ಟ್ರು ಆಮೇಲೆ ಶಿವಾನಿಯ ಎಡಗೈಯ ಕಡೆ ನೋಡುವುದನ್ನೂ ಬಿಟ್ಟರು. ಊಟಕ್ಕೆ ಬಲಗೈ, ಉಳಿದ ಲೋಕವ್ಯವಹಾರಕ್ಕೆಲ್ಲ ಎಡಗೈ ಎಂದು ತೀರ್ಮಾನವಾಯಿತು.

ಆ ಲೋಕವ್ಯವಹಾರದಲ್ಲಿ ಈಗ ಜನರನ್ನು ಗುಂಡಿಟ್ಟು ಕೊಲ್ಲುವುದೂ ಸೇರಿತ್ತು. ಕಂಪ್ಯೂಟರಿನಲ್ಲಿ ಮಾತ್ರ. ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ ಪ್ರತಿ ವರ್ಷ ಕಂಪನಿ ಕಂಪನಿಗಳ ನಡುವೆ ಗೇಮಿಂಗ್ ಪಂದ್ಯ ನಡೆಯುತ್ತದೆ. ಐದು ಜನರ ತಂಡ, ಎದುರಿಗೆ ಐದು ಜನ, ಕೊನೆಗೆ ಉಳಿದವರು ಗೆದ್ದವರು. ಶಿವಾನಿಯ ಆಫೀಸಿನ ತಂಡಕ್ಕೆ ಅವಳು ಸೇರಿದ್ದು ಈ ಸಲ. ಅದಕ್ಕೆಂದೇ ಹುಟ್ಟಿದವಳ ಹಾಗೆ ಆಡುತ್ತಿದ್ದಳು, ತನ್ನ ಮನೆಯ ಮೇಜಿನಲ್ಲಿ. ಆಫೀಸಿನ ಟ್ರೇನಿಂಗ್ ರೂಮಿನ ಮೇಜಿಗೆ ಬಂದರೆ ಮಾತ್ರ ಕತೆಯೇ ಬೇರೆ. ಐವರೂ ಗೋಡೆಗೆ ಮುಖ ಮಾಡಿ ಒತ್ತೊತ್ತಾಗಿ ಸಾಲಾಗಿ ಕೂರಬೇಕು. ಎಡತುದಿಯಲ್ಲಿ ಕ್ಯಾಪ್ಟನ್ ವಿನಾಯಕ್, ಅವನ ಪಕ್ಕ ಶಿವಾನಿ. ಅವನ ಮೌಸು ಬಲಗೈಯಲ್ಲಿ, ಇವಳದ್ದು ಎಡಗೈಯಲ್ಲಿ. ಗುಂಡಿನ ಕಾಳಗ ಕಾವೇರಿದಾಗ ಎರಡು ಮೊಣಕೈಗಳು ಟಗರಿನ ಹಾಗೆ ಡಿಕ್ಕಿ ಹೊಡೆಯುತ್ತಿದ್ದವು. ವಿನಾಯಕನ ಗುರಿ ತಪ್ಪುತ್ತಿತ್ತು. ಅವನ ಗುರಿ ತಪ್ಪಿದಾಗೆಲ್ಲ ತಪ್ಪು ಶಿವಾನಿಯದಾಗುತ್ತಿತ್ತು.

ಹಿಂದಿನ ದಿನ ವಿನಾಯಕ್ ಗ್ರೂಪಿನಲ್ಲೇ ದನಿಯ ಮೆಸೇಜು ಹಾಕಿದ್ದ: "ಶಿವಾನಿ, ಪರ್ಸನಲ್ ಆಗಿ ತಗೋಬೇಡ. ಶನಿವಾರ ಟ್ರಯಲ್ ಮ್ಯಾಚು. ಒಂದೋ ಬಲಗೈಯಲ್ಲಿ ಆಡು, ಇಲ್ಲಾ ನಿನ್ನ ಜಾಗಕ್ಕೆ ಮರೆಪ್ಪ. ಅವನು ರೆಡಿ ಇದಾನೆ."

ಮರೆಪ್ಪ ಟೆಸ್ಟಿಂಗ್ ವಿಭಾಗದವನು. ಆಟದಲ್ಲಿ ಅವನು ಮಾಡುತ್ತಿದ್ದ ಏಕೈಕ ಸಾಹಸವೆಂದರೆ ಎಲ್ಲರಿಗಿಂತ ಮೊದಲು ಸಾಯುವುದು. ಆದರೆ ಸಾಯುವಾಗ ಬಲಗೈಯಲ್ಲಿ ಸಾಯುತ್ತಿದ್ದ. ಅದೇ ಅವನ ಅರ್ಹತೆ.

ತಂಡದಲ್ಲಿ ಉಳಿಯಬೇಕೆಂದರೆ ದಾರಿ ಒಂದೇ ಎಂದು ಶಿವಾನಿ ಲೆಕ್ಕ ಹಾಕಿದ್ದಳು. ಮೊಣಕೈ ಅಲುಗಬಾರದು. ಮಣಿಕಟ್ಟು ಇಷ್ಟೇ ಇಷ್ಟು ತಿರುಗಿಸಿದರೆ ಪರದೆಯ ಮೇಲಿನ ಬಂದೂಕು ಸರಕ್ಕನೆ ತಿರುಗಬೇಕು. ಅದಕ್ಕೆ ಹಗುರವಾದ, ಸೂಕ್ಷ್ಮವಾದ, ಎಡಗೈಗೆ ಒಗ್ಗುವ ಮೌಸು ಬೇಕು. ಅದೇ ಮೌಸು ದಿನದ ಆಫೀಸು ಕೆಲಸಕ್ಕೂ ಆಗಬೇಕು. ಎರಡು ಮೌಸು ಹೊತ್ತು ಮೆಟ್ರೋ ಹತ್ತುವ ಸಂಸಾರ ಅವಳಿಗೆ ಬೇಕಿರಲಿಲ್ಲ.

"ಆನ್‌ಲೈನಲ್ಲಿ ಫೋಟೋ ನೋಡಿ ತಗೊಂಡ್ರೆ ಕೈಗೆ ಕೂರಲ್ಲ ಕಣೇ. ಇಡ್ದು ನೋಡ್ಬೇಕು. ನಡಿ, ನಮ್ಮ ಬಾಡಿಗೆಯವ್ನ ಅಂಗಡಿ ಐತೆ," ಅಂದಳು ದೀಪಶ್ರೀ, ಮರುದಿನ ಆಫೀಸಿನಲ್ಲಿ.

ದೀಪಶ್ರೀ ತಂಡದ ಇನ್ನೊಬ್ಬಳು. ಅವರ ತಾತ ಹನುಮಂತರಾಯಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ಮೂರು ಕಟ್ಟಡ ಬೆಳೆದಿದ್ದವು. ಅವಳು ಕೆಲಸಕ್ಕೆ ಬರುತ್ತಿದ್ದದ್ದು ಎಸಿಗೆ ಮತ್ತು ಕ್ಯಾಂಟೀನಿನ ಗೋಬಿಗೆ. ಶುಕ್ರವಾರ ಸಂಜೆ ಇಬ್ಬರೂ ಅವಳ ಕಾರಿನಲ್ಲಿ ಹೊರಟರು. ನಡೆದಿದ್ದರೆ ಬೇಗ ತಲುಪುತ್ತಿದ್ದರು, ಆದರೆ ಕಾರಿದ್ದವರು ನಡೆಯುವುದು ಆ ಕಡೆಯ ಪದ್ಧತಿಯಲ್ಲ.

ಅಂಗಡಿಯ ಹೆಸರು ಶ್ರೀ ಭೈರವೇಶ್ವರ ಗೇಮಿಂಗ್ ವರ್ಲ್ಡ್. ಬೋರ್ಡಿನ ಹೊಸ ಬಣ್ಣದ ಅಡಿಯಲ್ಲಿ 'ರಸಗೊಬ್ಬರ ಮತ್ತು ಕ್ರಿಮಿನಾಶಕ' ಎಂಬ ಹಳೆಯ ಅಕ್ಷರಗಳು ಇನ್ನೂ ಇಣುಕುತ್ತಿದ್ದವು. ಮಾಲೀಕ ಚಿಕ್ಕಬೈರಪ್ಪ ಮಾರುವ ಸರಕು ಬದಲಾಯಿಸಿದ್ದನೇ ಹೊರತು ಮಾರುವ ಧಾಟಿಯನ್ನಲ್ಲ.

"ಬನ್ನಿ ಅಕ್ಕಾ, ಬನ್ನಿ! ತಾತಾವ್ರು ಚೆನ್ನಾಗವ್ರಾ?" ದೀಪಶ್ರೀಯನ್ನು ಕಂಡದ್ದೇ ಎದ್ದು ನಿಂತ. "ಏನ್ ಬೇಕು ಹೇಳಿ, ಇಲ್ಲ ಅನ್ನೋ ಮಾತೇ ಇಲ್ಲ."

"ಇವ್ಳಿಗೆ ಮೌಸು. ವೈರಿಲ್ದಿದ್ದು. ಗೇಮಿಗೂ ಆಗ್ಬೇಕು, ಆಪೀಸಿಗೂ ಆಗ್ಬೇಕು."

ಚಿಕ್ಕಬೈರಪ್ಪ ಗಾಜಿನ ಕಪಾಟಿನಿಂದ ಒಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದು ಕೆಂಪಾಗಿ, ಹಸಿರಾಗಿ, ನೀಲಿಯಾಗಿ, ಮತ್ತೆ ಕೆಂಪಾಗಿ ಉಸಿರಾಡತೊಡಗಿತು. "ಇದು ನೋಡಿ ಮೇಡಂ, ಇಪ್ಪತ್ತಾರು ಸಾವಿರ ಡಿಪಿಐ!"

"ಅಂಗಂದ್ರೆ?" ಅಂದಳು ದೀಪಶ್ರೀ.

"ಅಂಗಂದ್ರೆ... ಇಪ್ಪತ್ತಾರು ಸಾವಿರ ಅಕ್ಕಾ. ಬೇರೆಯವ್ರದ್ದು ಹನ್ನೆರಡೇ."

ಕೈ ಒಂದಿಂಚು ಸರಿದರೆ ಪರದೆಯ ಬಾಣ ಎಷ್ಟು ದೂರ ಓಡುತ್ತದೆ ಅನ್ನುವ ಲೆಕ್ಕ ಅದು ಎಂದು ಶಿವಾನಿಗೆ ಗೊತ್ತಿತ್ತು. ಇಪ್ಪತ್ತಾರು ಸಾವಿರದಲ್ಲಿ ಆಡಿದರೆ ಸೀನಿದ ರಭಸಕ್ಕೇ ಬಾಣ ಹೊಸಕೋಟೆ ಮುಟ್ಟುತ್ತದೆ, ಯಾರೂ ಅದನ್ನು ಬಳಸುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಮಾತಿಗೆ ಮಾತು ಬೆಳೆಸುವ ಸ್ವಭಾವದವಳಲ್ಲ. ಮೌಸನ್ನು ಎಡಗೈಯಲ್ಲಿ ಹಿಡಿದಳು. ಹೆಬ್ಬೆರಳಿನ ಹಳ್ಳದಲ್ಲಿ ಕಿರುಬೆರಳು ಹೋಗಿ ಕೂತು, ಬೇರೆಯವರ ಚಪ್ಪಲಿ ಮೆಟ್ಟಿದ ಹಾಗಾಯಿತು.

"ಎಡಗೈಯಾ ಮೇಡಂ?" ಚಿಕ್ಕಬೈರಪ್ಪನ ಮುಖ ಇಳಿಯಿತು. "ಹೊಸ ಸಾಮಾನು, ಶುಕ್ರವಾರ ಬೇರೆ, ಬಲಗೈಯಲ್ಲಿ ಮುಟ್ಬಾರ್ದಾ?"

"ಬಲಗೈಯಲ್ಲಿ ಆಡಕ್ಕೆ ಬರಲ್ಲ."

"ಅಭ್ಯಾಸ ಆಯ್ತದೆ ಮೇಡಂ. ನಮ್ಮ ಹೆಂಡ್ರು ಹಾಲು ಕರೀತಿದ್ಲು, ಈಗ ಜುಂಬಾ ಮಾಡ್ತಾಳೆ."

"ಅಣ್ಣಾ," ಅಂದಳು ದೀಪಶ್ರೀ, "ಅಗ್ರಿಮೆಂಟ್ ರಿನ್ಯೂವಲ್ ಯಾವಾಗ?"

ಚಿಕ್ಕಬೈರಪ್ಪ ಏಣಿ ಹಾಕಿ ಅಟ್ಟದ ಮೇಲಿನ ಡಬ್ಬಗಳನ್ನೆಲ್ಲ ಇಳಿಸಿದ.

ಆಮೇಲೆ ನಡೆದದ್ದು ಸ್ವಯಂವರ. ಒಂದು ಮೌಸು ಎರಡೂ ಕೈಗೆ ಸಮ ಅಂದುಕೊಂಡರೆ ಪಕ್ಕದ ಬಟನ್ನು ಒಂದೇ ಕಡೆಗಿತ್ತು. ಇನ್ನೊಂದಕ್ಕೆ ಬ್ಲೂಟೂತ್ ಇತ್ತು, ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಡಾಂಗಲ್ ಇರಲಿಲ್ಲ. ಬ್ಲೂಟೂತ್ ಆಫೀಸಿನ ಲ್ಯಾಪ್‌ಟಾಪಿಗೆ ಸಾಕು, ಆಟದಲ್ಲಿ ಅದನ್ನು ನಂಬಿದರೆ ಸತ್ತ ಮೇಲೆ ಗುಂಡು ಹಾರುತ್ತದೆ. ಮತ್ತೊಂದು ಎಲ್ಲದರಲ್ಲೂ ಸರಿ, ಆದರೆ ಕ್ಲಿಕ್ಕಿನ ಸದ್ದು ಪಟಾರನೆ ಹೊಡೆಯುತ್ತಿತ್ತು. ಹಿಂದಿನ ಮೌಸಿನದೂ ಅದೇ ಕತೆ. ಮನೆಯಿಂದಲೇ ಸೇರುವ ಬೆಳಗಿನ ಆನ್‌ಲೈನ್ ಮೀಟಿಂಗಿನಲ್ಲಿ ಮ್ಯಾನೇಜರ್ ಎರಡು ಸಲ, "ಯಾರಪ್ಪಾ ಅದು ಶೇಂಗಾ ಸುಲಿಯೋರು?" ಅಂದಿದ್ದರು. ಅಜ್ಜಿ ಸುಲಿಯುತ್ತಿದ್ದದ್ದೂ ನಿಜವಾದ್ದರಿಂದ ಶಿವಾನಿಗೆ ಸುಳ್ಳು ಹೇಳುವ ಕಷ್ಟ ಬಂದಿರಲಿಲ್ಲ.

ಕಟ್ಟಕಡೆಯ ಡಬ್ಬದಿಂದ ಹೊರಬಂದದ್ದು ಬಣ್ಣವಿಲ್ಲದ, ಬೆಳಕಿಲ್ಲದ, ಹೊಳೆದಂಡೆಯ ಕಲ್ಲಿನಂಥ ಕರಿಯ ಮೌಸು. ಎಡಕ್ಕೂ ಬಲಕ್ಕೂ ಒಂದೇ ಸೊಂಟ, ಎರಡೂ ಪಕ್ಕೆಗೆ ಬಟನ್ನು. ಡಾಂಗಲ್ಲೂ ಇತ್ತು, ಬ್ಲೂಟೂತೂ ಇತ್ತು. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಒತ್ತಿದರೆ ಸದ್ದು ಪಿಸುಮಾತು.

"ಅದು ಬೇಡ ಮೇಡಂ, ಅದ್ರಲ್ಲಿ ಲೈಟೇ ಇಲ್ಲ," ಅಂದ ಚಿಕ್ಕಬೈರಪ್ಪ, ಹೆಣ್ಣಿನ ಕಡೆಯವನ ಕಳವಳದಲ್ಲಿ.

"ಇದೇ ಬೇಕು."

"ಹೋಗ್ಲಿ, ಮೌಸಿನ ಮ್ಯಾಟು ಫ್ರೀ ಕೊಡ್ತೀನಿ ತಗೊಳ್ಳಿ. ನೋಡಿ, ಆಂಜನೇಯ! ಪರ್ವತ ಎತ್ಕೊಂಡು ಹಾರ್ತಾ ಇರೋದು."

"ಆಂಜನೇಯನ ಮೇಲೆ ಮೌಸ್ ಉಜ್ಜಲಾ?"

"ಯಾಕ್ ಮೇಡಂ, ಸ್ಪೀಡಲ್ವಾ?"

ಅಂದು ರಾತ್ರಿ ಮನೆಯಲ್ಲಿ ಶಿವಾನಿ ಆಡಿ ನೋಡಿದಳು. ಮೊಣಕೈ ಮೇಜಿಗೆ ಅಂಟಿಕೊಂಡಿತ್ತು, ಮಣಿಕಟ್ಟು ಮಾತ್ರ ಕುಣಿಯಿತು. ಎದುರಾಳಿಗಳು ಕಾಳಿನ ಹಾಗೆ ಉದುರಿದರು. ಅಜ್ಜಿ ಹಿಂದೆ ಬಂದು ನಿಂತಳು.

"ಹೊಸಾದ? ವಿಭೂತಿ ಹಚ್ಚಿಲ್ಲಲಾ!"

ಆ ಮನೆಗೆ ಬಂದ ಯಾವ ಯಂತ್ರವೂ ಅಜ್ಜಿಯ ಮೂರು ಬೆರಳಿನ ವಿಭೂತಿ ತಪ್ಪಿಸಿಕೊಂಡಿರಲಿಲ್ಲ. ಮಿಕ್ಸಿಗೆ ಹಚ್ಚಿದ್ದಳು, ಗೀಸರಿಗೆ ಹಚ್ಚಿದ್ದಳು, ಅಪ್ಪನ ಬಿಪಿ ನೋಡುವ ಮಿಷನ್ನಿಗೆ ಹಚ್ಚಿದ್ದಳು. ಅಪ್ಪನ ಬಿಪಿ ಇಳಿಯದಿದ್ದರೂ ಮಿಷನ್ನು ಕೆಟ್ಟಿರಲಿಲ್ಲವಲ್ಲ.

"ಅಜ್ಜಿ, ಇದಕ್ಕೆ ಬೇಡ. ಕೈ ಬೆವರುತ್ತೆ, ವಿಭೂತಿ ಇದ್ರೆ ಜಾರುತ್ತೆ. ನಾಳೆ ಮ್ಯಾಚಿದೆ. ಇದೊಂದ್ರಲ್ಲಿ ನಾನು ಟೀಮಲ್ಲಿ ಇರ್ತೀನೋ ಇಲ್ವೋ ಅನ್ನೋದಿದೆ."

"ಹಂಗಂದ್ರ ಹಚ್ಚಲೇಬೇಕಲಾ ಮತ್ತ!"

"ಮೇಲೆ ಮಾತ್ರ ಹಚ್ಚಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಅಜ್ಜಿ ಮೌಸನ್ನು ಮೇಲಿಂದ ಕೆಳಗೆ ನೋಡಿ, "ಆತು. ಮ್ಯಾಲೆ ಹಚ್ಚೂದಿಲ್ಲ," ಅಂದಳು. ಶಿವಲಿಂಗಮ್ಮ ಕೊಟ್ಟ ಮಾತಿಗೆ ತಪ್ಪಿದವಳಲ್ಲ.

ಶನಿವಾರ ಬೆಳಿಗ್ಗೆ ಟ್ರೇನಿಂಗ್ ರೂಮಿನಲ್ಲಿ ಎರಡನೆಯ ಮಹಡಿಯ ತಂಡದ ಎದುರು ಟ್ರಯಲ್ ಮ್ಯಾಚು. ವಿನಾಯಕ್ ಆಗಲೇ ಎಡತುದಿಯ ಕುರ್ಚಿಯಲ್ಲಿ ಸ್ಥಾಪಿತನಾಗಿದ್ದ. ಪೂರ್ವಕ್ಕೆ ಮುಖ, ತಲೆಯ ಮೇಲೆ ಎಸಿ. ಒಮ್ಮೆ ಶಿವಾನಿ ಆ ಕುರ್ಚಿಯಲ್ಲಿ ಬ್ಯಾಗಿಟ್ಟಿದ್ದಕ್ಕೇ ಅವನು ಹೌಹಾರಿದ್ದ. "ನಾನು ವಾಸ್ತು ಗೀಸ್ತು ನಂಬಲ್ಲ ಗುರು, ಡೇಟಾ ನಂಬ್ತೀನಿ. ಈ ಸೀಟಲ್ಲಿ ಕೂತು ಸೋತಿದ್ದು ಕಮ್ಮಿ," ಅಂದಿದ್ದ.

"ಏನ್ ಗುರು, ಹೊಸ ಮೌಸಾ?" ಅಂದ ಈಗ. "ಕೈ ಮಾತ್ರ ಹಳೇದೇನಾ?"

"ಇವತ್ತು ಮೊಣಕೈ ತಾಗಲ್ಲ. ನೋಡ್ತಿರು."

ಬಾಗಿಲ ಬಳಿ ಮರೆಪ್ಪ ಎಗ್ ಪಫ್ ತಿನ್ನುತ್ತ, ಯಾವ ಕ್ಷಣದಲ್ಲಾದರೂ ಪಟ್ಟಾಭಿಷೇಕವಾಗಬಹುದಾದ ಯುವರಾಜನ ಹಾಗೆ ನಿಂತಿದ್ದ. ಶಿವಾನಿಯ ಬಲಕ್ಕೆ ಗುರುರಾಜ್, ಅವನಾಚೆ ದೀಪಶ್ರೀ, ಕೊನೆಗೆ ಶಿವಶಂಕರ್. ಆಟ ಶುರುವಾಯಿತು.

ಶಿವಾನಿ ಮೌಸು ತಿರುಗಿಸಿದಳು. ಬಂದೂಕು ತಿರುಗಲಿಲ್ಲ. ಇನ್ನಷ್ಟು ತಿರುಗಿಸಿದಳು. ಬಂದೂಕು ಒಮ್ಮೆ ಆಕಾಶ ನೋಡಿತು, ಒಮ್ಮೆ ತನ್ನ ಪಾದ ನೋಡಿಕೊಂಡಿತು, ವಾರಾಂತ್ಯದಲ್ಲಿ ಬಾರಿನಿಂದ ಹೊರಬಿದ್ದವನ ಹಾಗೆ ತೂರಾಡಿ ವಿನಾಯಕನ ಬೆನ್ನಿಗೆ ಬಂದು ನಿಂತಿತು. ಗಾಬರಿಯಲ್ಲಿ ಅವಳು ಒತ್ತಿಬಿಟ್ಟಳು.

"ಯಾರ್ ಮಗಾ ನನ್ನ ಹೊಡ್ದಿದ್ದು!" ಅಂತ ಕೂಗಿದ ವಿನಾಯಕ್.

"ನಮ್ಮೋರೇ," ಅಂದ ಗುರುರಾಜ್, ತಲೆಯೆತ್ತದೆ.

ಶಿವಾನಿ ಮೌಸನ್ನು ಎತ್ತಿ ಕುಕ್ಕಿದಳು, ಉಜ್ಜಿದಳು, ಇಡೀ ತೋಳು ಬೀಸಿ ಎಳೆದಳು. ಮೊಣಕೈ ಹೋಗಿ ವಿನಾಯಕನ ಪಕ್ಕೆಗೆ ಬಡಿಯಿತು. ಸುತ್ತು ಮುಗಿಯುವಷ್ಟರಲ್ಲಿ ಐವರೂ ಸತ್ತು ಮಲಗಿದ್ದರು, ಇಬ್ಬರು ಅವಳ ಕೈಯಿಂದಲೇ.

"ಬ್ಯಾಟ್ರಿ ಓಗೈತಾ? ಕೊಡಿಲ್ಲಿ," ಅಂತ ದೀಪಶ್ರೀ ಎದ್ದು ಬಂದು ಮೌಸನ್ನು ಮಗುಚಿದಳು. ಮಗುಚಿ ಹಾಗೇ ನಿಂತಳು. "ಲೇ... ಇದು ಪೂಜೆ ಮುಗ್ಸ್ಕೊಂಡು ಬಂದೈತೆ ಕಣೇ!"

ಮೌಸಿನ ಹೊಟ್ಟೆಯ ಮೇಲೆ, ಕೆಂಪು ಬೆಳಕು ಹೊರಬಂದು ದಾರಿ ನೋಡಬೇಕಾದ ಪುಟ್ಟ ಕಿಂಡಿಗೆ ಅಡ್ಡಲಾಗಿ, ಗಟ್ಟಿಯಾಗಿ ಒಣಗಿದ ಮೂರು ಬಿಳಿ ಗೆರೆಗಳು.

ರೂಮು ನಗೆಯಲ್ಲಿ ಮುಳುಗಿತು. ಎರಡನೆಯ ಮಹಡಿಯವರೂ ಎದ್ದು ಬಂದು ದರ್ಶನ ಮಾಡಿಕೊಂಡರು. "ಇದು ಬ್ಲೂಟೂತ್ ಅಲ್ಲ ಮಗಾ, ಡೈರೆಕ್ಟ್ ಕೈಲಾಸ ಕನೆಕ್ಷನ್ನು!" ಅಂದ ವಿನಾಯಕ್. "ದೂರ ಜಾಸ್ತಿ, ಅದಕ್ಕೇ ಲ್ಯಾಗು," ಅಂದ ಗುರುರಾಜ್.

ಶಿವಾನಿ ಕಿವಿಯವರೆಗೂ ಕೆಂಪಾಗಿ ಫೋನು ಹಚ್ಚಿದಳು. ಗಡಿಬಿಡಿಯಲ್ಲಿ ಸ್ಪೀಕರ್ ಆನಾಯಿತು.

"ಅಜ್ಜಿ! ಮೌಸಿನ ಕೆಳಗೆ ವಿಭೂತಿ ಹಚ್ಚಿದ್ಯಾ?"

"ನೀ ಜಳಕಕ್ಕ ಹೋದಾಗ ಹಚ್ಚಿದೆ. ಮ್ಯಾಲೆ ಬ್ಯಾಡ ಅಂದಿದ್ದೆಲಾ. ಹೊಳ್ಳಿಸಿ ನೋಡಿದೆ, ಕೆಂಪಗ ಕಣ್ಣು ಉರ್ಯಾಕತ್ತಿತ್ತು. ಕಣ್ಣಿದ್ದದ್ದ ಹಣಿ ಅಂತ ತಿಳದು ಅಲ್ಲೇ ಹಚ್ಚಿದೆ. ಯಾಕ, ಗೆದ್ದೇನು?"

"ಇನ್ನೂ ಇಲ್ಲ."

"ಅಲ್ಲಿ ಯಾರು ನಗಾಕತ್ತಾರ? ಫೋನ್ ಅವರ ಕೈಯಾಗ ಕೊಡು."

ಶಿವಾನಿ ಫೋನು ಇಟ್ಟಳು. ದೀಪಶ್ರೀ ಟಿಶ್ಯೂ ಚಾಚಿದಳು. ಕೆರೆದು ಹಾಕಲು ಕಸದ ಡಬ್ಬಿಯಿತ್ತು. ಅದರಲ್ಲಿ ಮರೆಪ್ಪನ ಪಫ್ಫಿನ ಕಾಗದ, ಮೊಟ್ಟೆಯ ಚೂರು. ಶಿವಾನಿಯ ಕೈ ಅತ್ತ ಹೋಗಲಿಲ್ಲ. ಬೆರಳಿಗೆ ಒಂದಿಷ್ಟು ನೀರು ಮುಟ್ಟಿಸಿ ಗೆರೆಗಳನ್ನು ಮೆತ್ತಗೆ ಒರೆಸಿ ತೆಗೆದಳು. ಬೆರಳಿಗೆ ಬಂದದ್ದನ್ನು ಏನು ಮಾಡಬೇಕೆಂದು ಯೋಚಿಸಬೇಕಾಗಲಿಲ್ಲ, ಕೈ ತಾನಾಗಿ ಹಣೆಗೆ ಹೋಯಿತು. ಕಿಂಡಿಯನ್ನು ದೀಪಶ್ರೀಯ ಬ್ಯಾಗಿನಲ್ಲಿದ್ದ ಕಿವಿಯ ಹತ್ತಿಕಡ್ಡಿಯಲ್ಲಿ ಒರೆಸಿದಳು.

ವಿನಾಯಕ್ ತನ್ನ ಬ್ಯಾಗಿನಿಂದ ಇನ್ನೊಂದು ಮೌಸು ತೆಗೆದು ಅವಳ ಬಲಗಡೆ ಇಟ್ಟ. "ಕಾಮಿಡಿ ಸಾಕು. ಮೊಣಕೈ ತಾಗಲ್ಲ ಅಂದೆ, ನನ್ನ ಪಕ್ಕೆಲುಬು ಮುರೀತು. ಮುಂದಿನ ರೌಂಡು ಇದ್ರಲ್ಲಿ, ಬಲಗೈಯಲ್ಲಿ. ಇಲ್ಲಾಂದ್ರೆ ಮರೆಪ್ಪ ಕೂರ್ತಾನೆ. ಮುಗೀತು."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಹೆಸರು ನೋಡಿದ್ದೇ ವಿನಾಯಕನ ಬೆನ್ನು ತಾನಾಗಿ ಬಗ್ಗಿತು. ಹಿಂದಿನ ಸಂಜೆ ಅವನು ಬಿಡುಗಡೆ ಮಾಡಿದ ಸಾಫ್ಟ್‌ವೇರು ಕ್ಲೈಂಟಿನ ಕಡೆ ಮಕಾಡೆ ಮಲಗಿತ್ತು. "ಯೆಸ್ ಸಾರ್, ಲುಕಿಂಗ್ ಇಂಟು ಇಟ್ ಸಾರ್," ಅನ್ನುತ್ತ ಎದ್ದ. ಹೊರಗೆ ಹೋಗುವಾಗ ಫೋನಿಗೆ ಕೈ ಅಡ್ಡ ಹಿಡಿದು, "ಮರೆಪ್ಪಾ, ನಾನು ಬರೋತನಕ ನನ್ನ ಜಾಗಕ್ಕೆ ಕೂರು," ಅಂದ.

ಮರೆಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಬರುವಷ್ಟರಲ್ಲಿ ಶಿವಾನಿ ಎದ್ದಿದ್ದಳು. ತನ್ನ ಲ್ಯಾಪ್‌ಟಾಪು, ತನ್ನ ಕರಿಯ ಮೌಸು ಎತ್ತಿಕೊಂಡು ಎಡತುದಿಗೆ ಸರಿದು ಕ್ಯಾಪ್ಟನ್ನನ ಕುರ್ಚಿಯಲ್ಲಿ ಕೂತಳು.

"ಅದು ಅವ್ನ ಸೀಟು!" ಅಂದ ಮರೆಪ್ಪ, ಗರ್ಭಗುಡಿಗೆ ಚಪ್ಪಲಿ ಹಾಕಿಕೊಂಡು ನುಗ್ಗಿದವರನ್ನು ಕಂಡವನ ಹಾಗೆ.

"ನೀನು ನನ್ನದ್ರಲ್ಲಿ ಕೂರು."

ಕೂತಮೇಲೆ ಅವಳಿಗೆ ಗೊತ್ತಾದದ್ದು ಒಂದೇ. ಎಡಗಡೆ ಯಾರೂ ಇರಲಿಲ್ಲ. ಕಿಟಕಿಯಿತ್ತು, ಕಿಟಕಿಯಾಚೆ ಮೆಟ್ರೋ ಕಂಬಗಳಿದ್ದವು, ಅವುಗಳಾಚೆ ಇಡೀ ವೈಟ್‌ಫೀಲ್ಡಿತ್ತು. ಅವಳ ಮೊಣಕೈಗೆ ತಗುಲುವಂಥದ್ದು ಏನೂ ಇರಲಿಲ್ಲ. ಇಷ್ಟು ದಿನ ತನ್ನ ಕೈಯನ್ನು ಬೈದುಕೊಂಡಿದ್ದಳು, ಮೌಸಿನ ತೂಕ ತೂಗಿದ್ದಳು, ಅಂಗಡಿಯ ಅಟ್ಟ ಇಳಿಸಿದ್ದಳು. ಕುರ್ಚಿ ಬದಲಾಯಿಸಿದರೆ ಸಾಕೆಂದು ಇಡೀ ತಂಡದಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ.

ಆಟ ಶುರುವಾಯಿತು. ಬಂದೂಕು ಮಾತು ಕೇಳಿತು. ತೋಳು ಬೀಸಿದ ಕಡೆ ತಿರುಗಿತು, ತಿರುಗಿದ ಕಡೆ ತಲೆ ಉರುಳಿತು. ಮರೆಪ್ಪ ವಾಡಿಕೆಯಂತೆ ಮೊದಲೇ ಸತ್ತು, ಇನ್ನೊಂದು ಪಫ್ಫು ಮುಗಿಸುತ್ತ, "ಎಡಕ್ಕೆ, ಎಡಕ್ಕೆ ಇದಾನೆ, ಹಾಕು ಅಕ್ಕಾ!" ಅಂತ ಕೂಗಿ ಸೇವೆ ಸಲ್ಲಿಸಿದ. ಎರಡನೆಯ ಮಹಡಿಯವರು ಸುತ್ತು ಸೋತರು. ಇನ್ನೊಂದು ಸುತ್ತೂ ಸೋತರು. ದರ್ಶನ ಮಾಡಿಕೊಂಡು ಹೋಗಿದ್ದವರಲ್ಲೊಬ್ಬ, "ಆ ವಿಭೂತಿ ಎಲ್ಲಿ ಸಿಗುತ್ತೆ ಕೇಳ್ರೋ," ಅಂದ. ಪಂದ್ಯ ಗೆಲ್ಲಲು ಇನ್ನೊಂದೇ ಸುತ್ತು ಬೇಕಿತ್ತು.

ವಿನಾಯಕ್ ಒಳಗೆ ಬಂದಾಗ ಅವನ ಶರಟು ಬೆವರಿಗೆ ಅಂಟಿತ್ತು. ಸ್ಕೋರು ನೋಡಿದ. ತನ್ನ ಕುರ್ಚಿ ನೋಡಿದ. ಕುರ್ಚಿಯಲ್ಲಿದ್ದವಳ ಹಣೆ ನೋಡಿದ.

"ಸಕ್ಕತ್!" ಅಂದ ಕೊನೆಗೆ, ಬಲವಂತವಾಗಿ ನಗುತ್ತ. "ಆಯ್ತು, ಒಪ್ಕೊಂಡೆ. ನೀನು ಟೀಮಲ್ಲಿದೀಯ, ಕನ್ಫರ್ಮ್. ಎಡಗೈಯಲ್ಲೇ ಆಡ್ಕೋ, ನಾನ್ ಏನೂ ಅನ್ನಲ್ಲ. ಮರೆಪ್ಪಾ, ಎದ್ದೇಳು, ಅವಳ ಜಾಗ ಅವಳಿಗೆ ಬಿಡು."

ಮರೆಪ್ಪ ಎದ್ದ. ಖಾಲಿಯಾದ ಕುರ್ಚಿಯನ್ನು ಶಿವಾನಿ ನೋಡಿದಳು. ಅದರ ಎಡಕ್ಕೆ ಮತ್ತೆ ಅವನ ಬಲಗೈ ಬಂದು ಕೂರುವುದಿತ್ತು. ಆಮೇಲೆ ಮೊಣಕೈ, ಆಮೇಲೆ ಪಕ್ಕೆಲುಬು, ಆಮೇಲೆ ಗ್ರೂಪಿನಲ್ಲಿ ದನಿಯ ಮೆಸೇಜು. ಹತ್ತು ಮೌಸು ಬದಲಾಯಿಸಿದರೂ ಮುಗಿಯದ ಕತೆ.

"ಏನ್ ಯೋಚ್ನೆ ಮಾಡ್ತಿದೀಯ? ಟೈಮಿಲ್ಲ ಗುರು," ಅಂದ ವಿನಾಯಕ್, ಕುರ್ಚಿಯ ಬೆನ್ನಿಗೆ ಕೈಯಿಟ್ಟು. "ಆ ಸೀಟ್ ಇಲ್ದೆ ನಂಗೆ ಆಗಲ್ಲ ಅಂತ ನಿಂಗೆ ಗೊತ್ತಲ್ವಾ. ಪ್ಲೀಸ್. ಏಳು."

ಶಿವಾನಿ ಕರಿಯ ಮೌಸಿನ ಮೇಲೆ ಎಡಗೈ ಊರಿ, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಏಳಲ್ಲ," ಅಂದಳು.